ಡಿ ಡ್ರೈವ್‌ನಲ್ಲಿಟ್ಟರೆ ಫೋಟೋ ಸೇಫ್ ಅಂತೆ, ನಿಜವೇ? ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವ ಮುನ್ನ ಓದಿ

“ಹಳೆಯ ಲ್ಯಾಪ್‌ಟಾಪ್ ಎಸೆಯಬೇಡಿ. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಳ್ಳಿ. ಫೋಟೋ, ದಾಖಲೆ ಎಲ್ಲವನ್ನೂ ಡಿ ಡ್ರೈವ್‌ಗೆ ಹಾಕಿಬಿಟ್ಟರೆ ಸಾಕು, ಬ್ಯಾಕಪ್ ಬೇಕಿಲ್ಲ.” ಈ ಅರ್ಥದ ಸಂದೇಶ ನಿಮ್ಮ ಮನೆಯ ಗ್ರೂಪ್‌ಗೂ ಬಂದಿರಬಹುದು. ಇದರಲ್ಲಿ ಮೊದಲ ಎರಡು ಮಾತು ಸರಿ. ಮೂರನೆಯದು ಅರ್ಧ ಸತ್ಯ, ಮತ್ತು ಆ ಅರ್ಧ ಸತ್ಯವನ್ನು ನಂಬಿದವರೇ ಫೋಟೋ ಕಳೆದುಕೊಳ್ಳುವುದು.

ಇಂಥ ಸಂದೇಶಗಳಿಗೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದೇ ಯಂತ್ರ ನಿಂತುಹೋಗುತ್ತದೆ ಎಂದು ಹಬ್ಬಿದ ಮಾತು ಸುಳ್ಳು. ಯಂತ್ರ ಓಡುತ್ತದೆ, ಆದರೆ ಭದ್ರತೆಯ ಅಪ್‌ಡೇಟ್ ಮೊದಲಿನಂತೆ ತಾನಾಗಿ ಬರುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳಲ್ಲಿ ಅದಕ್ಕೆ ಬೇಕಾದ ಟಿಪಿಎಂ 2.0 ಚಿಪ್ ಇರುವುದಿಲ್ಲ. ಹಾಗಾಗಿ ಲಿನಕ್ಸ್ ಕಡೆ ತಿರುಗುವವರು ಹೆಚ್ಚಿದ್ದಾರೆ.

ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಒಂದು ಮನೆ ಎಂದುಕೊಳ್ಳಿ. ಮನೆಗೆಲ್ಲ ಸೇರಿ ಒಂದೇ ಲ್ಯಾಪ್‌ಟಾಪ್. ಅಪ್ಪ ಬೆಳಗಾಗುವ ಮೊದಲೇ ಮಾರಿಕುಪ್ಪಂನಲ್ಲಿ ಬೆಂಗಳೂರು ರೈಲು ಹತ್ತುವವರು. ಅವರ ಲೆಕ್ಕಪತ್ರದ ಟ್ಯಾಲಿಗೆ ವಿಂಡೋಸ್ ಬೇಕು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳಿಗೆ ಲಿನಕ್ಸ್ ಬೇಕು. ತಾತ ಗಣಿಗೆ ಇಳಿಯುತ್ತಿದ್ದ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿಟ್ಟಿರುವುದೂ ಅದರಲ್ಲೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಫೋಟೋಗಳನ್ನು ಮತ್ತೆ ತೆಗೆಯಲಾಗದು. ಅವು ಎರಡೂ ಕಡೆಯಿಂದ ಕಾಣಬೇಕು, ಕಳೆದುಹೋಗಲೂ ಬಾರದು. ಹೇಗೆ?

ಪಾರ್ಟಿಷನ್ ಎಂದರೆ ಏನು?

ಸಿ ಡ್ರೈವ್, ಡಿ ಡ್ರೈವ್ ಎಂದು ಎರಡು ಕಾಣುತ್ತವೆ ಎಂದ ಮಾತ್ರಕ್ಕೆ ಒಳಗೆ ಎರಡು ಡಿಸ್ಕ್ ಇರಬೇಕೆಂದಿಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಒಂದೇ. ಡಿಸ್ಕ್‌ನ ಆರಂಭದಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ: ಇಲ್ಲಿಂದ ಇಲ್ಲಿಯವರೆಗೆ ಒಂದು ಭಾಗ, ಅಲ್ಲಿಂದ ಮುಂದೆ ಇನ್ನೊಂದು ಭಾಗ. ಒಂದೇ ಸೈಟಿನಲ್ಲಿ ಗೆರೆ ಎಳೆದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ. ಆ ಪಾಲೇ ಪಾರ್ಟಿಷನ್.

ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಇದು ಇದೆ. ಆಂಡ್ರಾಯ್ಡ್‌ನ ವ್ಯವಸ್ಥೆ ಒಂದು ಭಾಗದಲ್ಲಿ, ನಿಮ್ಮ ಫೋಟೋ ಮತ್ತು ಆ್ಯಪ್‌ಗಳ ಮಾಹಿತಿ ಇನ್ನೊಂದು ಭಾಗದಲ್ಲಿ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಎರಡನೆಯದು ಅಳಿಯುತ್ತದೆ, ಮೊದಲನೆಯದು ಉಳಿಯುತ್ತದೆ. ಎಲ್ಲ ಅಳಿಸಿದ ಮೇಲೂ ಫೋನ್ ಮತ್ತೆ ಆನ್ ಆಗುವುದು ಅದಕ್ಕೇ.

ಎರಡು ಗೇಜ್, ಒಂದು ಸ್ಟೇಷನ್

ಗೆರೆ ಎಳೆದರೆ ಸಾಲದು. ಪ್ರತಿ ಪಾಲಿನೊಳಗೆ ಫೈಲುಗಳನ್ನು ಹೇಗೆ ಜೋಡಿಸಬೇಕು, ಯಾವುದು ಎಲ್ಲಿದೆ ಎಂದು ಹೇಗೆ ಬರೆದಿಡಬೇಕು ಎಂಬುದಕ್ಕೆ ನಿಯಮ ಬೇಕು. ಅದನ್ನು ಫೈಲ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ ಬಳಸುವುದು ಎನ್‌ಟಿಎಫ್‌ಎಸ್. ಉಬುಂಟುವಿನಂಥ ಲಿನಕ್ಸ್‌ಗಳು ಸಾಮಾನ್ಯವಾಗಿ ಬಳಸುವುದು ಇಎಕ್ಸ್‌ಟಿ4.

ಬಂಗಾರಪೇಟೆಯ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಕಾಲದಿಂದಲೂ ಅದು ಜಂಕ್ಷನ್. ಬೆಂಗಳೂರು–ಮದ್ರಾಸ್ ಮುಖ್ಯ ಮಾರ್ಗ ಮತ್ತು ಮಾರಿಕುಪ್ಪಂಗೆ ಹೋಗುವ ಗಣಿಯ ಮಾರ್ಗ 1676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿದ್ದ ಹಳೆಯ ಮಾರ್ಗ 762 ಮಿಲಿಮೀಟರ್‌ನ ನ್ಯಾರೋಗೇಜ್. ಊರು ಒಂದೇ ಆದರೂ ಆ ಹಳಿಯ ಗಾಡಿ ಈ ಹಳಿಯ ಮೇಲೆ ಓಡುತ್ತಿರಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು, ಸಾಮಾನನ್ನು ಒಂದರಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ಈಗ ಆ ಮಾರ್ಗವೂ ಬ್ರಾಡ್‌ಗೇಜ್ ಆಗಿದೆ.

ಕಂಪ್ಯೂಟರ್‌ನಲ್ಲಿ ಮಾತ್ರ ಎರಡು ಗೇಜ್ ಇನ್ನೂ ಇವೆ. ಇಎಕ್ಸ್‌ಟಿ4 ಭಾಗವನ್ನು ವಿಂಡೋಸ್ ತಾನಾಗಿ ಓದಲಾರದು, “ಇದನ್ನು ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುವುದೂ ಉಂಟು. ಅಲ್ಲಿ ಹೌದು ಎಂದು ಒತ್ತಿದರೆ ಲಿನಕ್ಸ್ ಮತ್ತು ಅದರೊಳಗಿನ ಫೈಲುಗಳು ಹೋದಂತೆ. ಲಿನಕ್ಸ್ ಮಾತ್ರ ಎನ್‌ಟಿಎಫ್‌ಎಸ್ ಅನ್ನು ಓದಬಲ್ಲದು, ಬರೆಯಬಲ್ಲದು. ಹಾಗಾಗಿ ಎರಡೂ ವ್ಯವಸ್ಥೆಗಳು ಬಂದು ಸಾಮಾನು ಇಡುವ, ಎತ್ತಿಕೊಳ್ಳುವ ಮೂರನೆಯ ಭಾಗವೊಂದನ್ನು ಮಾಡಬೇಕು. ಅದೇ ಹಂಚಿಕೆಯ ಪಾರ್ಟಿಷನ್.

ಹಂಚಿಕೆಯ ಜಾಗಕ್ಕೆ ಯಾವ ಫೈಲ್ ಸಿಸ್ಟಂ?

• ಫ್ಯಾಟ್32: ಎಲ್ಲ ಕಡೆ ಓಡುತ್ತದೆ, ಆದರೆ 4 ಜಿಬಿ ಮೀರಿದ ಒಂದು ಫೈಲನ್ನು ಇಡಲಾಗದು. ಮದುವೆಯ ವಿಡಿಯೋ ಅಲ್ಲಿಗೇ ನಿಲ್ಲುತ್ತದೆ.
• ಎಕ್ಸ್‌ಫ್ಯಾಟ್: ದೊಡ್ಡ ಫೈಲ್ ಇಡಬಹುದು. ಆದರೆ ಬರೆಯುತ್ತಿರುವಾಗ ಏನು ನಡೆಯುತ್ತಿತ್ತು ಎಂಬ ದಿನಚರಿಯನ್ನು ಅದು ಇಟ್ಟುಕೊಳ್ಳುವುದಿಲ್ಲ. ನಡುವೆ ಕರೆಂಟ್ ಹೋದರೆ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಪೆನ್‌ಡ್ರೈವ್‌ಗೆ ಒಳ್ಳೆಯದು.
• ಎನ್‌ಟಿಎಫ್‌ಎಸ್: ಆ ದಿನಚರಿ ಇದೆ, ದೊಡ್ಡ ಫೈಲೂ ಆಗುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ನಡುವಿನ ಹಂಚಿಕೆಗೆ ಇದೇ ಸೂಕ್ತ.

ಇಲ್ಲಿ ಇಡಬೇಕಾದದ್ದು ಫೋಟೋ, ವಿಡಿಯೋ, ದಾಖಲೆ ಮಾತ್ರ. ಪ್ರೋಗ್ರಾಂಗಳನ್ನು ಹಂಚಿಕೊಳ್ಳಲಾಗದು, ವಿಂಡೋಸ್‌ಗೆ ಹಾಕಿದ ಟ್ಯಾಲಿ ಲಿನಕ್ಸ್‌ನಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ.

ಯಾವುದಕ್ಕೆ ಎಷ್ಟು ಜಾಗ?

ಮೊದಲು ಇನ್ನೊಂದು ತಪ್ಪು ನಂಬಿಕೆ ಬಿಡಿಸೋಣ. 512 ಜಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ 476 ಜಿಬಿ ಎಂದು ತೋರುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ 107 ಕೋಟಿಗೂ ಹೆಚ್ಚು ಎಂದು ಎಣಿಸುತ್ತದೆ. ಸಾಮಾನು ಅಷ್ಟೇ, ಸೇರು ಬೇರೆ.

ಆ 476ರಲ್ಲಿ ವಿಂಡೋಸ್‌ಗೆ 150, ಲಿನಕ್ಸ್‌ಗೆ 60, ಉಳಿದ ಸುಮಾರು 265 ಹಂಚಿಕೆಗೆ ಎಂದು ಇಟ್ಟುಕೊಂಡರೆ ಸಾಧಾರಣ ಮನೆ ಬಳಕೆಗೆ ಸಾಕು. ಕಂಪ್ಯೂಟರ್ ಶುರುವಾಗಲು ಬೇಕಾದ ಕೆಲವು ನೂರು ಎಂಬಿಯ ಚಿಕ್ಕ ಭಾಗವೊಂದು ಮೊದಲೇ ಇರುತ್ತದೆ. ಹೆಸರಿಲ್ಲದೆ ಕಾಣುವ ಅದನ್ನು “ಸುಮ್ಮನೆ ಇದೆ” ಎಂದು ಅಳಿಸಬೇಡಿ.

ಕೈ ಹಾಕುವ ಕ್ರಮ

1. ಮೊದಲು ಬೇಕಾದ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ನಕಲಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ.
2. ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಮನೆಗೇ ನಿಮಗೆ ಬೀಗ.
3. ಸಿ ಡ್ರೈವ್ ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಹಂಚಿಕೆಯ ಎನ್‌ಟಿಎಫ್‌ಎಸ್ ಭಾಗವನ್ನೂ ಅಲ್ಲೇ ಮಾಡಿ. ಲಿನಕ್ಸ್‌ಗೆ ಬೇಕಾದ 60 ಜಿಬಿಯನ್ನು ಖಾಲಿ ಬಿಡಿ.
4. ಲಿನಕ್ಸ್ ಹಾಕುವಾಗ ವಿಂಡೋಸ್ ಜೊತೆಗೆ ಹಾಕುವ ಆಯ್ಕೆಯನ್ನು ಒತ್ತಿ. ಇಡೀ ಡಿಸ್ಕ್ ಅಳಿಸುವ ಆಯ್ಕೆಯೂ ಅದರ ಪಕ್ಕದಲ್ಲೇ ಇರುತ್ತದೆ. ಅನೇಕರ ಫೈಲುಗಳು ಹೋಗಿರುವುದು ಆ ಒಂದು ಕ್ಲಿಕ್‌ನಲ್ಲಿ.

ಅಂಗಡಿಗೆ ಕೊಟ್ಟು ಮಾಡಿಸುವುದಾದರೆ “ಫಾರ್ಮ್ಯಾಟ್ ಮಾಡ್ತೀವಿ” ಎಂದಾಗ ಒಂದು ಪ್ರಶ್ನೆ ಕೇಳಿ: ಸಿ ಡ್ರೈವ್ ಮಾತ್ರವೋ, ಇಡೀ ಡಿಸ್ಕೋ? ಉತ್ತರ ಸ್ಪಷ್ಟವಾಗುವವರೆಗೆ ಲ್ಯಾಪ್‌ಟಾಪ್ ಕೊಡಬೇಡಿ.

ಶಟ್‌ಡೌನ್ ಮಾಡಿದರೂ ಮಲಗಿರುವ ವಿಂಡೋಸ್

ಎಲ್ಲ ಸರಿಯಾಗಿ ಮಾಡಿದವರನ್ನೂ ಕಾಡುವ ತೊಂದರೆ ಇದು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ಡಿಸ್ಕ್‌ನಲ್ಲಿ ಯಾವ ಫೈಲ್ ಎಲ್ಲಿತ್ತು ಎಂಬ ತನ್ನ ನೆನಪನ್ನು ಹಾಗೇ ಉಳಿಸಿಕೊಂಡು ಮಲಗುತ್ತದೆ. ಈ ನಡುವೆ ಮಗಳು ಲಿನಕ್ಸ್‌ನಿಂದ ಹಂಚಿಕೆಯ ಜಾಗದಲ್ಲಿ ಫೈಲ್ ಬದಲಿಸಿದರೆ, ಎದ್ದ ವಿಂಡೋಸ್ ಕೈಯಲ್ಲಿರುವುದು ಹಳೆಯ ಲೆಕ್ಕ. ಆ ಹಳೆಯ ಲೆಕ್ಕದ ಮೇಲೆ ಹೊಸದನ್ನು ಬರೆದರೆ ಫೈಲುಗಳು ಕೆಡುತ್ತವೆ. ಇದನ್ನು ತಪ್ಪಿಸಲು ಲಿನಕ್ಸ್ ಎಷ್ಟೋ ಸಲ ಆ ಭಾಗವನ್ನು ಓದಲು ಮಾತ್ರ ಬಿಡುತ್ತದೆ. “ಫೋಲ್ಡರ್ ಕಾಣುತ್ತೆ, ಸೇವ್ ಆಗಲ್ಲ” ಎಂಬ ದೂರಿಗೆ ಸಾಮಾನ್ಯ ಕಾರಣ ಇದೇ.

ಪರಿಹಾರ ಸುಲಭ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಹೈಬರ್ನೇಟ್ ಬಳಸಬೇಡಿ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ರೀಸ್ಟಾರ್ಟ್ ಒತ್ತಿ. ಆಗ ವಿಂಡೋಸ್ ಪೂರ್ತಿ ನಿಂತೇ ಮತ್ತೆ ಶುರುವಾಗುತ್ತದೆ.

ವೈರಸ್ ಅಲ್ಲ, ಗಾಬರಿ ಬೇಡ

ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಯಂತ್ರದೊಳಗಿನ ಗಡಿಯಾರದಲ್ಲಿ ಇರುವುದು ಭಾರತದ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಜಾಗತಿಕ ಸಮಯ ಇಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸ್‌ಗೆ ಹೇಳಿದರೆ ಸರಿಯಾಗುತ್ತದೆ.

ಇನ್ನೊಂದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಫೈಲಿಗೆ ಕನ್ನಡದಲ್ಲಿ ಹೆಸರಿಡಬಹುದು, ಎರಡೂ ಕಡೆ ಕಾಣುತ್ತದೆ. ಆದರೆ ಇಎಕ್ಸ್‌ಟಿ4 ಒಂದು ಹೆಸರಿಗೆ ಕೊಡುವುದು 255 ಬೈಟ್, ಮತ್ತು ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. “ಕೋಲಾರ” ನೋಡಲು ಮೂರೇ ಅಕ್ಷರ. ಸ್ವರಚಿಹ್ನೆಗಳೂ ಸೇರಿ ಐದು ಚಿಹ್ನೆ, 15 ಬೈಟ್. ವಿಂಡೋಸ್‌ನಲ್ಲಿ ಇಟ್ಟ ಉದ್ದನೆಯ ಕನ್ನಡ ಹೆಸರಿನ ಫೈಲು ಲಿನಕ್ಸ್ ಭಾಗಕ್ಕೆ ನಕಲಾಗದಿದ್ದರೆ ಹೆಸರು ಚಿಕ್ಕದು ಮಾಡಿ ನೋಡಿ. ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟ್‌ನ ಹಳೆಯ ದಾಖಲೆ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೂ ಫೈಲ್ ಕೆಟ್ಟಿಲ್ಲ. ಆ ಫಾಂಟ್ ಅಲ್ಲಿಲ್ಲ, ಅಷ್ಟೆ.

ಹಾಗಾದರೆ ಡಿ ಡ್ರೈವ್ ಸೇಫೋ ಅಲ್ಲವೋ?

ವಿಂಡೋಸ್ ಕೆಟ್ಟು ಸಿ ಡ್ರೈವ್ ಮಾತ್ರ ಅಳಿಸಿ ಮತ್ತೆ ಹಾಕಿದರೆ, ಡಿ ಡ್ರೈವ್‌ನಲ್ಲಿರುವುದು ಉಳಿಯುತ್ತದೆ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇದು. ಡಿಸ್ಕೇ ಸತ್ತರೆ, ಲ್ಯಾಪ್‌ಟಾಪ್ ರೈಲಿನಲ್ಲಿ ಕಳುವಾದರೆ, ನೀರು ಬಿದ್ದರೆ, ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ ಸಿ, ಡಿ ಎರಡೂ ಒಟ್ಟಿಗೆ ಹೋಗುತ್ತವೆ.

ಕೆಜಿಎಫ್‌ನಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಅಕ್ಕಪಕ್ಕದಲ್ಲೇ ಇದ್ದವು. ನಕ್ಷೆಯಲ್ಲಿ ಅವುಗಳ ನಡುವೆ ಗಡಿಯ ಗೆರೆ ಇತ್ತು. ಆದರೆ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ ಆ ಅದುರು ಗೆರೆ ನೋಡಿ ನಿಲ್ಲುತ್ತಿರಲಿಲ್ಲ, ಮೇಲಿನ ಮನೆಗಳವರೆಗೂ ಬರುತ್ತಿತ್ತು. ಪಾರ್ಟಿಷನ್ ಕೂಡ ಅಂಥ ಗೆರೆ. ಪಾಲು ತೋರಿಸುತ್ತದೆ, ಗೋಡೆಯಾಗಿ ಕಾಯುವುದಿಲ್ಲ.

ಹಾಗಾಗಿ ಮುಖ್ಯವಾದ ಫೈಲುಗಳು ಮೂರು ಕಡೆ ಇರಲಿ: ಲ್ಯಾಪ್‌ಟಾಪ್‌ನ ಹಂಚಿಕೆಯ ಭಾಗದಲ್ಲಿ ಒಂದು, ಕೆಲಸವಾದ ಮೇಲೆ ಕೇಬಲ್ ಬಿಚ್ಚಿಡುವ ಹೊರಗಿನ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲೋ ನೆಂಟರ ಮನೆಯಲ್ಲೋ ಒಂದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ: ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇರಬಹುದು. ಹಂಚಿಕೆಗೆ ಎನ್‌ಟಿಎಫ್‌ಎಸ್ ಭಾಗ ಮಾಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿ ಡ್ರೈವ್ ಬ್ಯಾಕಪ್ ಅಲ್ಲ. ತಾತನ ಫೋಟೋ ಇದ್ದರೆ ಇಂದೇ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ, ಲಿನಕ್ಸ್ ನಾಳೆ ಹಾಕಿದರಾಯಿತು.