ಚಿನ್ನದ ತಟ್ಟೆಯಲ್ಲಿ ಕನ್ನಡದ ದನಿ!

'ಗೋಲ್ಡ್ ಡಿಸ್ಕ್' ಅಂದ ಕೂಡಲೆ ನಮ್ಮ ಸಿನಿಮಾ ಮಂದಿಗೆ ನೆನಪಾಗುವುದು ರೆಕಾರ್ಡ್ ಕಂಪೆನಿಯವರ ಸಮಾರಂಭ, ಹಾರ, ಫೋಟೋ. ಆದರೆ ಗೆಳೆಯರೇ, ನಾನು ಹೇಳಹೊರಟ ಚಿನ್ನದ ತಟ್ಟೆಗೆ ಹಾರವೂ ಇಲ್ಲ, ತುರಾಯಿಯೂ ಇಲ್ಲ. 1977ರಿಂದ ಒಂದೇ ಸಮನೆ ಓಡುತ್ತಲೇ ಇದೆ. ಥಿಯೇಟರಿನಲ್ಲಲ್ಲ... ಆಕಾಶದಲ್ಲಿ!

ಈ ಸಂಗತಿ ಬಾಯಿಗೆ ಬಂದದ್ದು ಸಿದ್ದಾಪುರ ತಾಲೂಕಿನ ನಿಲ್ಕುಂದದಲ್ಲಿ. ಅಡಿಕೆ ಸುಲಿಯುವ ಕಾಲ. ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿ ಹಿಡಿದು ಕೂತರೆ ಹಾಡಿಲ್ಲದೆ ಕೈ ಓಡುವುದಿಲ್ಲ. ಅವತ್ತು ಮೊಬೈಲಿನಲ್ಲಿ 'ಸನಾದಿ ಅಪ್ಪಣ್ಣ'ನ ಶಹನಾಯಿ. ರಾಜಣ್ಣನ ಅಭಿನಯ, ಬಿಸ್ಮಿಲ್ಲಾ ಖಾನರ ಉಸಿರು. ಯಾವ ಇಸವಿಯದು ಅಂತ ಚರ್ಚೆ ಬಂತು. 1977, ಅಂದೆ. ಅದೇ ವರ್ಷ ಇನ್ನೊಂದು ರೆಕಾರ್ಡ್ ಹೊರಟಿತು ಕಣ್ರೋ, ಅದರಲ್ಲಿ ಕನ್ನಡವೂ ಇದೆ, ಅಂತ ಸೇರಿಸಿದೆ. ಕತ್ತಿಗಳು ನಿಂತವು.

ಅಮೆರಿಕದ ನಾಸಾ ಸಂಸ್ಥೆ ಆ ವರ್ಷ ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1 ನೌಕೆಗಳನ್ನು ಹಾರಿಸಿತು. ಎರಡಕ್ಕೂ ಒಂದೊಂದು ತಟ್ಟೆ ಕಟ್ಟಿ ಕಳಿಸಿತು. 12 ಇಂಚಿನ ತಾಮ್ರ, ಮೇಲೆ ಚಿನ್ನದ ಲೇಪ. ನಮ್ಮ ಎಲ್.ಪಿ. ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಿದರೆ ಇದಕ್ಕೆ ಅರ್ಧ ವೇಗ, 16⅔. ನಿಧಾನ ತಿರುಗಿದಷ್ಟೂ ಹೆಚ್ಚು ಹಾಡು ಹಿಡಿಸುತ್ತದಲ್ಲ, ಅದಕ್ಕೆ. ನುಡಿಸುವ ಮುಳ್ಳೂ ಜೊತೆಯಲ್ಲೇ ಇದೆ. ಹೇಗೆ ನುಡಿಸಬೇಕು ಅನ್ನುವುದು ಹೊದಿಕೆಯ ಮೇಲೆ ಗೆರೆಚಿತ್ರದಲ್ಲಿ. ಎಂದಾದರೂ ಯಾರಾದರೂ ಬುದ್ಧಿಜೀವಿಗಳ ಕೈಗೆ ಸಿಕ್ಕರೆ ಕೇಳಲಿ ಅಂತ!

ತಟ್ಟೆಯ ಉಸ್ತುವಾರಿ ವಿಜ್ಞಾನಿ ಕಾರ್ಲ್ ಸಾಗನ್ ಅವರದು. ಆನ್ ಡ್ರೂಯನ್ ಎಂಬಾಕೆ ಅದರ ಕೆಲಸದಲ್ಲೇ ಇದ್ದಾಗ ಇಬ್ಬರಿಗೂ ಪ್ರೇಮವಾಯಿತು. ಆಕೆಯ ಮೆದುಳಿನ ಅಲೆಗಳನ್ನೂ ತಟ್ಟೆಗೆ ಸೇರಿಸಿದ್ದಾರೆ. ಆ ಹೊತ್ತಿನಲ್ಲಿ ಆಕೆ ಯೋಚಿಸುತ್ತಿದ್ದ ವಿಷಯಗಳಲ್ಲಿ ಪ್ರೇಮವೂ ಒಂದು. ನಮ್ಮ ಕಥೆಗಾರರು ಹೀಗೆ ಬರೆದುಕೊಟ್ಟಿದ್ದರೆ ನಿರ್ಮಾಪಕರು 'ಅತಿಯಾಯ್ತು ಸ್ವಾಮಿ' ಅಂತಿದ್ದರೇನೋ!

ಹಾಡು-ವಾದ್ಯ ಸೇರಿ 27 ತುಣುಕು. ಬಾಖ್, ಬೀಥೋವನ್ ಪಕ್ಕದಲ್ಲೇ ಚಕ್ ಬೆರ್ರಿಯ ಕುಣಿಸುವ ಗಿಟಾರು. ಭಾರತದಿಂದ ಹೋದದ್ದು ಒಂದೇ ಹಾಡು: ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷ. ಆಕೆ ನಮ್ಮ ಕಾರವಾರದ ಆಚೆಯ ಗೋವೆಯವರು, ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಖಾನರ ಮಕ್ಕಳಿಂದ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಆ ಹಳೇ ರೆಕಾರ್ಡು ಬೇಗ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ನ್ಯೂಯಾರ್ಕಿನ ಒಬ್ಬ ಭಾರತೀಯರ ಅಂಗಡಿಯಲ್ಲಿ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯೊಳಗೆ! ಎರಡನೇ ನೌಕೆ ಹಾರಿ ಹನ್ನೊಂದನೇ ದಿನಕ್ಕೆ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು.

"ಕನ್ನಡ ಎಲ್ಲಿ ಸಾರ್?" ಅಂದ ಒಬ್ಬ ಹುಡುಗ.

55 ಭಾಷೆಗಳಲ್ಲಿ ನಮಸ್ಕಾರ ಹೇಳಿಸಿದ್ದಾರೆ. ತೆಲುಗು, ಮರಾಠಿ, ಹಿಂದಿಗಳ ಜೊತೆ ಕನ್ನಡವೂ ಒಂದು. ಶ್ರೀನಿವಾಸ ಕೆ. ಉಪಾಧ್ಯಾಯ ಎಂಬವರ ದನಿ. ಮೊದಲು ನಮಸ್ತೆ, ಆಮೇಲೆ ಕನ್ನಡಿಗರ ಪರವಾಗಿ ಶುಭಾಶಯ. ಅಷ್ಟೇ. ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಶುರುವಾಗುವುದರೊಳಗೆ ಮುಗಿಯಿತು.

ಹುಡುಗರ ಮುಖ ಸಪ್ಪಗಾಯಿತು. ಟೈಟಲ್ಲು ತೋರಿಸಿ 'ಶುಭಂ' ಹಾಕಿದ ಹಾಗಾಯ್ತಲ್ಲ! ಒಂದು ಹಾಡಾದರೂ ಹಾಕಬಾರದಿತ್ತಾ? ನನಗೂ ಹಾಗೇ ಅನ್ನಿಸಿದ್ದುಂಟು. ಆದರೆ ಅದು ಅವಸರದ ಕೆಲಸ, ಸಮಯ ಕೆಲವೇ ತಿಂಗಳು. ಯಾರು ಕೈಗೆ ಸಿಕ್ಕರೋ ಅವರನ್ನು ಮೈಕಿನ ಮುಂದೆ ನಿಲ್ಲಿಸಿದರು, ಹೀಗೇ ಹೇಳಿ ಅಂತ ಬರೆದುಕೊಡಲಿಲ್ಲ. ಆ ಪುಣ್ಯಾತ್ಮ ತನ್ನ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಸಿಕ್ಕ ಒಂದೇ ಅವಕಾಶದಲ್ಲಿ ನಮ್ಮೆಲ್ಲರ ಪರವಾಗಿ ಮಾತಾಡಿದ. ನಮ್ಮಲ್ಲಿ ಎಷ್ಟು ಹೀರೋಗಳಿಗೆ ಅದು ಸಾಧ್ಯ, ನೀವೇ ಹೇಳಿ!

ಆಕಾಶದ ಕೆಲಸ ಅಂದರೆ ನಮ್ಮವರಿಗೆ ಹುಚ್ಚಿಲ್ಲ ಅನ್ನಬೇಡಿ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲಿಳಿದಾಗ ಟೀವಿ ಮುಂದೆ ಬಿದ್ದ ಶಿಳ್ಳೆ ಫಸ್ಟ್ ಡೇ ಫಸ್ಟ್ ಶೋಗೂ ಬಿದ್ದಿರಲಾರದು. ಆದರೆ ಈ ತಟ್ಟೆಗೆ ಇನ್ನೂ ಯಾರೂ ಶಿಳ್ಳೆ ಹೊಡೆದಿಲ್ಲ.

ಕೂತಲ್ಲೇ ಒಂದು ತೀರ್ಮಾನವಾಯಿತು. ಅಡಿಕೆ ಕೆಲಸ ಮುಗಿದ ಮೇಲೆ ಒಂದು ಅಮಾವಾಸ್ಯೆ ರಾತ್ರಿ, ಆಟ ಆಡುವ ಗದ್ದೆಯಲ್ಲೇ ಮೈಕು ಕಟ್ಟಿ ಆ 27 ತುಣುಕನ್ನೂ ಹಾಕುವುದು. ದೀಪ ಆರಿಸುವುದು. ಚಾಪೆ ಅವರವರೇ ತರುವುದು. ಮೊದಲಿಗೆ ಕನ್ನಡದ ನಮಸ್ಕಾರ, ಬೇಕಾದರೆ ಮೂರು ಸಲ!

ಮೂಲೆಯಲ್ಲಿ ಸುಲಿಯುತ್ತಿದ್ದ ಅಜ್ಜ ಅಲ್ಲಿವರೆಗೂ ಸುಮ್ಮನಿದ್ದವರು, "ಅಲ್ಲಿ ಕೇಳಲೆ ಯಾರಿದ್ದ ತಮಾ?" ಅಂದರು.

ಯಾರೋ ಇರಬಹುದು ಅಜ್ಜ, ಇಲ್ಲದೆಯೂ ಇರಬಹುದು. ವಾಯೇಜರ್-1 ಈಗ 2500 ಕೋಟಿ ಕಿಲೋಮೀಟರಿಗೂ ಆಚೆ. ಅಲ್ಲಿಂದ ಸುದ್ದಿ ಬರಲು 23 ತಾಸಿಗೂ ಹೆಚ್ಚು ಬೇಕು. ಇನ್ನೊಂದು ನಕ್ಷತ್ರದ ಹತ್ತಿರ ಹಾಯಲು ಇನ್ನೂ 40,000 ವರ್ಷ.

ಅಜ್ಜ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು. "ಹಂಗಾರೆ ಆ ಗೋವೆಯಮ್ಮಂದು ಇನ್ನೊಂದ್ಸಲ ಹಾಕು ನೋಡನ."