ನೋವಿನ ಮಾತ್ರೆಯೂ ಕಿಡ್ನಿಯ ಸೋಸುವ ಕೆಲಸವೂ

ಆಪರೇಶನ್ ಆದವರ ಜೊತೆ ಆಸ್ಪತ್ರೆಯಲ್ಲಿ ನಿಂತವರಿಗೆ ಗೊತ್ತು: ನರ್ಸ್ ಬಂದು "ನೋವು ಹೇಗಿದೆ?" ಎಂದು ಕೇಳಿ, ಮೂತ್ರ ಎಷ್ಟು ಹೋಯ್ತು ಅಂತಲೂ ಬರೆದುಕೊಳ್ಳುತ್ತಾರೆ. ಇವೆರಡಕ್ಕೂ ಏನು ನಂಟು?

ಡೈಕ್ಲೊಫೆನಾಕ್, ಐಬುಪ್ರೊಫೆನ್, ಕೀಟೊರೊಲ್ಯಾಕ್ ಇವೆಲ್ಲ ಉರಿಯೂತ ತಗ್ಗಿಸುವ ನೋವುನಿವಾರಕಗಳು. ಗಾಯವಾದಲ್ಲಿ ದೇಹ ತಯಾರಿಸುವ ಪ್ರೊಸ್ಟಾಗ್ಲಾಂಡಿನ್‌ಗಳಿಂದ ಬಾವು, ನೋವು ಹೆಚ್ಚುತ್ತವೆ. ಈ ಮದ್ದುಗಳು ಅವನ್ನು ತಯಾರಿಸುವ ಕಿಣ್ವವನ್ನೇ ತಡೆಯುತ್ತವೆ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್, 1982ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು.

ಆದರೆ ಕಿಡ್ನಿಯಲ್ಲಿ ಪ್ರೊಸ್ಟಾಗ್ಲಾಂಡಿನ್‌ಗೆ ಬೇರೆಯೇ ಕೆಲಸ. ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಲ್ಪಡುತ್ತದೆ. ಸೋಸಲು ಒತ್ತಡ ಬೇಕಲ್ವಾ? ಉಪವಾಸ, ರಕ್ತಸ್ರಾವ, ವಾಂತಿಯಿಂದ ಮೈಯ ನೀರು ತಗ್ಗಿದಾಗ ದೇಹ ರಕ್ತನಾಳಗಳನ್ನು ಬಿಗಿಯುತ್ತದೆ. ಆಗ ಕಿಡ್ನಿಯ ಸೋಸಕಕ್ಕೆ ರಕ್ತ ತರುವ ಸಣ್ಣ ನಾಳ ಕಿರಿದಾಗದಂತೆ ಕಾಯುವುದು ಪ್ರೊಸ್ಟಾಗ್ಲಾಂಡಿನ್. ಮಾತ್ರೆ ಅದನ್ನು ತಡೆದರೆ ನಾಳ ಬಿಗಿಯುತ್ತದೆ, ಸೋಸುವಿಕೆ ಇಳಿಯುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ.

ಹಾಗಂತ ಹೆದರಬೇಡಿ. ಕಿಡ್ನಿ ಚೆನ್ನಾಗಿರುವ ವಯಸ್ಕರಿಗೆ ಕೆಲವೇ ದಿನ ಕೊಟ್ಟಾಗ ಈ ಇಳಿಕೆ ಸಾಮಾನ್ಯವಾಗಿ ಅಲ್ಪ, ತಾತ್ಕಾಲಿಕ. ನೋವು ತಗ್ಗಿದರೆ ರೋಗಿ ಬೇಗ ಎದ್ದು ನಡೆಯುತ್ತಾರೆ. ಮಾರ್ಫಿನ್‌ನಂಥ ಮದ್ದೂ ಕಡಿಮೆ ಸಾಕು.

ಎಚ್ಚರ ಬೇಕಾದ್ದು ವಯಸ್ಸಾದವರಿಗೆ, ಮೊದಲೇ ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ. ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರನ್ನೇ ನೋಡಿ. ಒಂದು ಸೋಸಕದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಇನ್ನೊಂದು ನೀರು ತೆಗೆಯುತ್ತದೆ. ಇದಕ್ಕೆ ನೋವಿನ ಮಾತ್ರೆ ಸೇರಿ ಒಳಬರುವ ನಾಳವನ್ನೂ ಬಿಗಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಕಿಡ್ನಿ ದಿಢೀರನೆ ಸೋಲಬಹುದು.

ಆದ್ದರಿಂದ ಆಪರೇಶನ್‌ಗೆ ಮುಂಚೆ ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮನೆಗೆ ಬಂದ ಮೇಲೆ ಮಂಡಿನೋವಿಗೆಂದು ಇಟ್ಟಿದ್ದ ಹಳೆಯ ಮಾತ್ರೆಯನ್ನು ಇದರ ಜೊತೆ ಸೇರಿಸಬೇಡಿ. ಮೂತ್ರ ತೀರಾ ಕಡಿಮೆಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ವಿಸರ್ಜನಾಂಗದ ಪಾಠದ ದಿನ ಮಕ್ಕಳಿಗೆ ಮನೆಯಿಂದ ಖಾಲಿ ಮಾತ್ರೆಪಟ್ಟಿ ತರಲು ಹೇಳಿ. ಕಂಪನಿ ಇಟ್ಟ ಹೆಸರಲ್ಲ, ಮದ್ದಿನ ಹೆಸರನ್ನು ಓದಿಸಿ. ಎರಡು ಬೇರೆ ಪಟ್ಟಿಗಳಲ್ಲಿ ಒಂದೇ ಡೈಕ್ಲೊಫೆನಾಕ್ ಇರುವುದನ್ನು ಕಂಡ ಮಗು ಸಂಜೆ ಅಜ್ಜಿಗೆ ಹೇಳದೆ ಇರದು.