94,37,056ರ ಸ್ನೇಹಿತ ಯಾರು?

220ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, 220 ಒಂದನ್ನು ಬಿಟ್ಟು, ಬರೆಯೋಣ: 1, 2, 4, 5, 10, 11, 20, 22, 44, 55, 110. ಕೂಡಿದರೆ 284. ಈಗ 284ರ ಭಾಜಕಗಳನ್ನು ಹಾಗೆಯೇ ಕೂಡೋಣ: 1 + 2 + 4 + 71 + 142. ಉತ್ತರ 220! ಇಂಥ ಜೋಡಿಗೆ ‘ಸ್ನೇಹ ಸಂಖ್ಯೆಗಳು’ ಎಂದು ಹೆಸರು.

94,37,056ಕ್ಕೂ ಒಬ್ಬ ಸ್ನೇಹಿತನಿದ್ದಾನೆ. ಅವನನ್ನು ಹುಡುಕಲು ಲಕ್ಷಗಟ್ಟಲೆ ಭಾಗಾಕಾರ ಮಾಡಬೇಕೇ? ಬೇಡ. ಈ ಸಂಖ್ಯೆಯನ್ನು 2ರಿಂದ ಏಳು ಬಾರಿ ಭಾಗಿಸಿದರೆ 73,727 ಉಳಿಯುತ್ತದೆ. ಅದು ಅವಿಭಾಜ್ಯ ಸಂಖ್ಯೆ. ಅಂದರೆ 94,37,056 = 128 × 73,727.

128ರ ಭಾಜಕಗಳು 1, 2, 4 ಹೀಗೆ 128ರವರೆಗೆ ಗುಣೋತ್ತರ ಶ್ರೇಢಿಯಲ್ಲಿವೆ, ಮೊತ್ತ 255. 73,727ರ ಭಾಜಕಗಳು 1 ಮತ್ತು ಅದೇ ಸಂಖ್ಯೆ, ಮೊತ್ತ 73,728. ನಮ್ಮ ದೊಡ್ಡ ಸಂಖ್ಯೆಯ ಪ್ರತಿ ಭಾಜಕವೂ ಈ ಎರಡು ಗುಂಪುಗಳಿಂದ ಒಂದೊಂದನ್ನು ಆರಿಸಿ ಗುಣಿಸಿದಾಗ ಸಿಗುತ್ತದೆ. ಆದ್ದರಿಂದ ಎಲ್ಲ ಭಾಜಕಗಳ ಮೊತ್ತ 255 × 73,728 = 1,88,00,640. ಇದರಿಂದ 94,37,056ನ್ನು ಕಳೆದರೆ 93,63,584. ಇದೇ ಆ ಸ್ನೇಹಿತ.

ಸ್ನೇಹ ಎರಡೂ ಕಡೆಯಿಂದ ಇರಬೇಕಲ್ಲವೇ? ಪರೀಕ್ಷಿಸೋಣ. 93,63,584 = 128 × 191 × 383. 191 ಮತ್ತು 383 ಎರಡೂ ಅವಿಭಾಜ್ಯ. ಹಾಗಾಗಿ ಭಾಜಕಗಳ ಮೊತ್ತ 255 × 192 × 384. ಆದರೆ 192 × 384 = 73,728! ಮೊತ್ತ ಮತ್ತೆ ಅದೇ 1,88,00,640. ಇದರಿಂದ 93,63,584ನ್ನು ಕಳೆದರೆ 94,37,056 ಮರಳಿ ಬರುತ್ತದೆ.

ಇದು ಆಕಸ್ಮಿಕವಲ್ಲ. 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ವಿದ್ವಾಂಸ ಸಾಬಿತ್ ಇಬ್ನ್ ಕುರ್ರಾ ಇದಕ್ಕೊಂದು ನಿಯಮವನ್ನು ಸಾಧನೆಸಹಿತ ಕೊಟ್ಟಿದ್ದರು. ನಮ್ಮ ಜೋಡಿಯಲ್ಲಿ ಅದು ಹೀಗೆ ಕಾಣುತ್ತದೆ: 3 × 64 − 1 = 191; 3 × 128 − 1 = 383; 9 × 64 × 128 − 1 = 73,727. 64, 128ರ ಬದಲು 2ರ ಬೇರೆ ಎರಡು ಕ್ರಮಾಗತ ಘಾತಗಳನ್ನೂ ಹಾಕಬಹುದು. ಆದರೆ ಸಿಗುವ ಮೂರೂ ಅವಿಭಾಜ್ಯವಾಗಿರಬೇಕು. 4, 8 ಹಾಕಿದರೆ ಮೂರನೆಯದು 287, ಅಂದರೆ 7 × 41, ಜೋಡಿ ಸಿಗದು. 8, 16 ಹಾಕಿದರೆ 17,296 ಮತ್ತು 18,416 ಸಿಗುತ್ತವೆ. ಈ ಜೋಡಿ ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿಗೆ ಸುಮಾರು 1300ರಲ್ಲೇ ತಿಳಿದಿತ್ತು. 1636ರಲ್ಲಿ ಫರ್ಮಾ ಅದನ್ನು ಮತ್ತೆ ಕಂಡುಕೊಂಡರು. ನಮ್ಮ ದೊಡ್ಡ ಜೋಡಿಯನ್ನು ಪರ್ಷಿಯಾದ ಮುಹಮ್ಮದ್ ಬಾಕಿರ್ ಯಝ್ದಿ ಕಂಡುಹಿಡಿದರು. ಯುರೋಪಿನಲ್ಲಿ 1638ರಲ್ಲಿ ಡೆಕಾರ್ಟ್ ಅದನ್ನು ತಿಳಿಸಿದರು.

ಹಾಗಾದರೆ ನಮಗೆ ಹುಡುಕಲು ಏನೂ ಉಳಿದಿಲ್ಲವೇ? 1184 ಮತ್ತು 1210 ಕೂಡ ಸ್ನೇಹ ಸಂಖ್ಯೆಗಳೇ. ಆದರೆ ಇವು ಸಾಬಿತರ ನಿಯಮಕ್ಕೆ ಸಿಗುವುದಿಲ್ಲ. ಹತ್ತಾರು ಹೊಸ ಜೋಡಿಗಳನ್ನು ಕಂಡುಹಿಡಿದ ಆಯ್ಲರ್ ಕಣ್ಣಿಗೂ ಬೀಳಲಿಲ್ಲ. 1866ರಲ್ಲಿ ಇದನ್ನು ಪ್ರಕಟಿಸಿದವನು ಇಟಲಿಯ ಹುಡುಗ ನಿಕೊಲೊ ಪಗಾನಿನಿ. ಆಗ ಅವನ ವಯಸ್ಸು 16, ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸು. 1184 = 32 × 37. ಮುಂದಿನ ಲೆಕ್ಕ ನಿಮ್ಮದು.